ಗೋಂದಕ್ಕ ತಿದ್ದಿದ ಆರು ಸಂಪುಟಗಳು

ಪುಸ್ತಕ ತೆರೆದ ತಮ್ಮ ಎರಡು ನಿಮಿಷವಾದರೂ ಮಾತಾಡದೆ ನಿಂತದ್ದನ್ನು ಗೋಂದಕ್ಕ ಮೆಚ್ಚುಗೆಯೆಂದೇ ತಿಳಿದಳು. ಮೆಚ್ಚದೆ ಎಲ್ಲಿಗೆ ಹೋದಾನು? ಆರು ಸಂಪುಟಗಳ ಚಿಂದಿಯನ್ನು ಅವಳು ಎರಡು ಗಟ್ಟಿ ಪುಸ್ತಕ ಮಾಡಿಟ್ಟಿದ್ದಳು. ಕಡುನೀಲಿ ಬಟ್ಟೆ ಹೊದಿಸಿದ ರಟ್ಟು, ನಾಲ್ಕು ಮೂಲೆಗೂ ಚರ್ಮ, ಬೆನ್ನಿನ ಎರಡು ತುದಿಗೆ ರೇಷ್ಮೆಯ ಪಟ್ಟಿ. ಮದುವೆಯ ಆಲ್ಬಮ್ಮಿಗೂ ಅವಳು ಇಷ್ಟು ಮುತುವರ್ಜಿ ವಹಿಸುತ್ತಿರಲಿಲ್ಲ.

"ಅಕ್ಕಾ," ಅಂದ ತಮ್ಮ ಕೊನೆಗೆ, "ಇವರಿಬ್ಬರೂ ಓಡಿಹೋಗ್ತಿದ್ದಾರೆ."

"ಯಾರು?"

"ಈ ಅಪ್ಪ, ಮಗಳು."

ಗೋಂದಕ್ಕ ಕನ್ನಡಕ ಏರಿಸಿ ನೋಡಿದಳು. ಎಡಪುಟದಲ್ಲಿ ಜಡೆ ಹಾರಿಸಿಕೊಂಡು ಒಬ್ಬ ಹುಡುಗಿ ಎಡ ಅಂಚಿಗೆ ಓಡುತ್ತಿದ್ದಳು. ಬಲಪುಟದಲ್ಲಿ ಗಡ್ಡದ ಗಂಡಸೊಬ್ಬ ಕೈಚಾಚಿಕೊಂಡು ಬಲ ಅಂಚಿಗೆ ಓಡುತ್ತಿದ್ದ. ನಡುವೆ, ಹೊಲಿಗೆ ಇದ್ದ ಕಡೆ, ಬರೀ ಸಮುದ್ರ.

"ಓಡಿದ್ರೆ ಓಡ್ಲಿ ಬಿಡು. ಏನೋ ಜಗಳ ಆಗಿರ್ಬೇಕು."

"ಜಗಳ ಅಲ್ಲಕ್ಕ! ಹನ್ನೊಂದು ವರ್ಷ ಆದ್ಮೇಲೆ ಸಿಕ್ಕಿದ್ದಾರೆ. ತಬ್ಬಿಕೊಳ್ಳೋಕೆ ಅಂತ ಎದುರುಬದುರು ಓಡಿ ಬರ್ತಿರೋದು. ನೀನು ಇಬ್ಬರನ್ನೂ ಬೆನ್ನು ತಿರುಗಿಸಿ ಕಳಿಸಿಬಿಟ್ಟಿದ್ದೀಯ."

"ನಾನೇನು ಮಾಡಿದೆ? ನೂರಹದಿನಾರು ಆದ್ಮೇಲೆ ನೂರಹದಿನೇಳು. ಪುಟ ಸರಿಯಾಗೇ ಇದೆಯಲ್ಲ!"

"ಇದು ಮಾಂಗಾ ಕಣಕ್ಕ, ಜಪಾನಿನ ಚಿತ್ರಕಥೆ. ಬಲಗಡೆಯಿಂದ ತೆರೆದು ಬಲಗಡೆಯಿಂದ ಓದೋದು. ಇದರ ಬೆನ್ನು ಬಲಗಡೆ ಇರ್ಬೇಕು. ನೀನು ಎಡಗಡೆ ಹೊಲಿದಿದ್ದೀಯ."

"ಮೊದಲೇ ಹೇಳೋದಕ್ಕೆ ನಿನ್ನ ಬಾಯಿಗೇನಾಗಿತ್ತು?"

"ಹೇಗಿದೆಯೋ ಹಾಗೇ ಕಟ್ಟು ಅಂತ ಹೇಳಿದ್ದೆ."

ಹೇಳಿದ್ದ. ಗೋಂದಕ್ಕನಿಗೆ ಮೈ ಉರಿದದ್ದೇ ಅದಕ್ಕೆ. ಅಪರೂಪಕ್ಕೆ ಒಂದು ಸಲ ಸರಿಯಾದ ಮಾತು ಹೇಳಿದ್ದ, ಅವಳು ಅಪರೂಪಕ್ಕೆ ಒಂದು ಸಲ ಕಿವಿಗೆ ಹಾಕಿಕೊಂಡಿರಲಿಲ್ಲ.

ಮುದ್ರಣಾಲಯದ ಹಿಂದಿನ ಈ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದಳು. ಕೈಯಿಂದ ಗೋಂದಿನ ವಾಸನೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಕೆಲಸದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು: ಕಟ್ಟುವ ಪುಸ್ತಕವನ್ನು ಓದಕೂಡದು. ಪುಟದ ಅಂಕಿ ನೋಡಬೇಕು, ಅಂಚು ನೋಡಬೇಕು, ಮುಂದಕ್ಕೆ ಹೋಗಬೇಕು. ಓದಲು ಹೊರಟರೆ ಕೈ ನಿಲ್ಲುತ್ತದೆ, ಕೈ ನಿಂತರೆ ಗೋಂದು ಒಣಗುತ್ತದೆ. ಈ ನಿಯಮದಿಂದಾಗಿ ಅವಳು ಸಾವಿರಾರು ಪುಸ್ತಕಗಳನ್ನು ಕೈಯಲ್ಲಿ ಹಿಡಿದಿದ್ದಳು, ಒಂದನ್ನೂ ಬಲ್ಲವಳಲ್ಲ.

ಮೂರು ವಾರದ ಹಿಂದೆ ತಮ್ಮ ಚೀಲ ತಂದು ಸುರಿದಾಗ ಅದರಲ್ಲಿ ಪುಸ್ತಕ ಅನ್ನುವ ವಸ್ತುವೇ ಇರಲಿಲ್ಲ. ಬಿಡಿಬಿಡಿ ಹಾಳೆ, ಹರಿದ ಹೊದಿಕೆ, ಬಲಗಡೆಯ ಅಂಚಿಗೆಲ್ಲ ಹಳದಿಗಟ್ಟಿದ ಟೇಪು, ಅದರ ಮೇಲೆ ಸೈಕಲ್ ಪಂಕ್ಚರಿಗೆ ಹಚ್ಚುವ ಅಂಟು. ಟೇಪನ್ನೂ ಅಂಟನ್ನೂ ಹಾಕಿದವನು ಆಗ ಹದಿನಾಲ್ಕು ವರ್ಷದವನಾಗಿದ್ದ ತಮ್ಮ ಎಂಬುದು ನೋಡಿದ ಕೂಡಲೇ ಗೊತ್ತಾಯಿತು. ಹೊಲಿಗೆ ಬಲಗಡೆ ಇರುವುದನ್ನು ಕಂಡು, ಹಾಳೆ ಕಳಚಿದಾಗ ಈ ಪೆದ್ದ ತಿರುಗುಮುರುಗು ಮಾಡಿ ಅಂಟಿಸಿಬಿಟ್ಟಿದ್ದಾನೆ ಅಂದುಕೊಂಡಳು. ಅವನ ಮಾನ ಕಾಪಾಡಲೆಂದು ಯಾರಿಗೂ ಹೇಳದೆ ತಿದ್ದಿದಳು. ಬಲಗಡೆಯ ಹಳೆಯ ಅಂಟಿನ ಅಂಚನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಉಗುರಿನಷ್ಟು ಅಗಲ ಕಡಿದು ಎಸೆದಳು. ಎಡಗಡೆಗೆ ದಬ್ಬಣ ಹಾಕಿ ಹೊಲಿದಳು. ಐನೂರ ನಲವತ್ತು ಹಾಳೆ. ಪ್ರೀತಿಯಿಂದಲೇ ಮಾಡಿದ್ದಳು, ಅದೇ ಈಗ ನುಂಗಲಾರದ ತುತ್ತಾಗಿತ್ತು.

"ಹೋಗ್ಲಿ ಬಿಡಕ್ಕ," ಅಂದ ತಮ್ಮ. ಅವನ ಮುಖದಲ್ಲಿ ಏನೋ ಹಗುರಾದಂತೆ ಕಂಡಿತು. "ಭಾನುವಾರ ಬರಲ್ಲ ಅಂತ ಅವನಿಗೆ ಫೋನ್ ಮಾಡ್ತೀನಿ. ಮುಂದಿನ ತಿಂಗಳು ನೋಡೋಣ."

ಅವನು ಎಂದರೆ ಸೋಡಾಬುಡ್ಡಿ. ಶಾಲೆಯಲ್ಲಿ ತಮ್ಮನ ಜೀವದ ಗೆಳೆಯ. ಆ ವಯಸ್ಸಿಗೇ ಲೋಟದ ತಳದಂಥ ಕನ್ನಡಕ ಹಾಕುತ್ತಿದ್ದನಾದ್ದರಿಂದ ಆ ಹೆಸರು. ಮುಂದೆ ಕನ್ನಡಕದ ಅಂಗಡಿಯನ್ನೇ ಇಟ್ಟು ಹೆಸರನ್ನು ಸಾರ್ಥಕ ಮಾಡಿಕೊಂಡ. ಈ ಆರು ಸಂಪುಟ ಅವನದು. ಓದಿ ಕೊಡು ಎಂದು ತಮ್ಮನಿಗೆ ಕೊಟ್ಟಿದ್ದ. ವರ್ಷದ ಮೇಲೆ ಅವನಪ್ಪನಿಗೆ ಬೇರೆ ಊರಿಗೆ ವರ್ಗವಾಗಿ, ಹೊರಡುವ ಹಿಂದಿನ ದಿನ ಪುಸ್ತಕ ಕೇಳಲು ಬಂದ. ತಮ್ಮ ಬಾಗಿಲಲ್ಲೇ ನಿಂತು, ಸೇತುವೆಯ ಮೇಲಿಂದ ಚೀಲ ನೀರಿಗೆ ಬಿತ್ತು, ಎಲ್ಲ ಹೋಯಿತು ಅಂದ. ಪುಸ್ತಕಗಳು ಅವನ ಹಾಸಿಗೆಯ ಕೆಳಗಿದ್ದವು. ಸೋಡಾಬುಡ್ಡಿ ಒಂದು ಮಾತೂ ಆಡದೆ ಹೋದ. ಆಮೇಲೆ ಕಾಗದವಿಲ್ಲ, ಪತ್ರವಿಲ್ಲ. ಇಪ್ಪತ್ತೆಂಟು ವರ್ಷ.

ಹೋದ ವರ್ಷ ಸೋಡಾಬುಡ್ಡಿ ಊರಿಗೆ ವಾಪಸು ಬಂದು, ಬಸ್ ನಿಲ್ದಾಣದಿಂದ ಎರಡನೇ ಬೀದಿಯಲ್ಲಿ ಅಂಗಡಿ ತೆರೆದ. ಬಸ್ ಓಡಿಸುವ ತಮ್ಮನಿಗೆ ದಿನಕ್ಕೆ ಎಂಟು ಸಲ ಆ ಅಂಗಡಿಯ ಮುಂದೆ ಹೋಗಬೇಕಾಯಿತು. ಒಂದು ವಾರ ಹೋದ. ಎರಡನೇ ವಾರ ಇನ್ನೊಬ್ಬ ಡ್ರೈವರನ ಕಾಲು ಹಿಡಿದು, ಯಾರಿಗೂ ಬೇಡವಾದ ಗುಡ್ಡದ ದಾರಿಯನ್ನು ಬದಲಿ ಮಾಡಿಸಿಕೊಂಡ. ಅಲ್ಲಿ ರಸ್ತೆಗಿಂತ ಗುಂಡಿಯೇ ಹೆಚ್ಚು. ಸಂಜೆ ಸೊಂಟ ಹಿಡಿದುಕೊಂಡು ಅಕ್ಕನ ಕೋಣೆಗೆ ಬರುತ್ತಿದ್ದ. ಯಾಕೋ ಆ ದಾರಿ ತಗೊಂಡೆ ಎಂದು ಕೇಳಿ ಕೇಳಿ ಅವಳ ಬಾಯಿ ಸೋತಿತು. ಕೊನೆಗೆ ಈ ಪುಸ್ತಕದ ಚೀಲ ತಂದ ದಿನ ಎಲ್ಲವನ್ನೂ ಕಕ್ಕಿದ. ಚೆಂದವಾಗಿ ಕಟ್ಟಿಸಿ ಕೊಟ್ಟು ತಪ್ಪಾಯ್ತು ಅಂತೀನಿ ಅಂದ. ಈ ಭಾನುವಾರ ಹನ್ನೊಂದಕ್ಕೆ ಬರುತ್ತೇನೆಂದು ಸೋಡಾಬುಡ್ಡಿಗೆ ಫೋನನ್ನೂ ಮಾಡಿದ್ದ. ಅಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯದು.

ಈಗ ಆ ಧೈರ್ಯ ಜಾರಿಹೋಗಲು ಬಾಗಿಲು ತೆರೆದುಕೊಂಡಿತ್ತು. ಮುಂದಿನ ತಿಂಗಳು ಎಂದರೆ ಅದು ಯಾವತ್ತೂ ಬಾರದ ತಿಂಗಳು ಎಂದು ಗೋಂದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ಮೂರು ವರ್ಷ ನೋಡಿದ್ದಾಳೆ ಇವನನ್ನು.

"ಫೋನ್ ಕೆಳಗಿಡು," ಅಂದಳು.

"ಅಲ್ಲಕ್ಕ, ನೀನು ಮತ್ತೆ ಅಷ್ಟೂ..."

"ಇವತ್ತು ಗುರುವಾರ. ನಾಳೆ, ನಾಡಿದ್ದು ಇದೆ. ಡ್ಯೂಟಿ ಮುಗಿಸಿ ಎರಡು ಗಂಟೆಗೆ ಇಲ್ಲಿರ್ಬೇಕು. ಬರದಿದ್ರೆ ಡಿಪೋಗೇ ಬಂದು ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ."

ಶುಕ್ರವಾರ ಬೆಳಿಗ್ಗೆ ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಎಂಥ ಗಟ್ಟಿ ಹೊಲಿಗೆ! ಪ್ರತಿ ದಾರಕ್ಕೂ ತನ್ನನ್ನೇ ಬೈದುಕೊಂಡಳು. ಬಲ ಅಂಚನ್ನು ಕಡಿದಿದ್ದರಿಂದ ಅಲ್ಲಿ ಹೊಲಿಯಲು ಜಾಗವಿರಲಿಲ್ಲ. ಒಂದೊಂದು ಹಾಳೆಗೂ ತೆಳು ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ಸೇರಿಸಿ ಹೊಲಿಯಬೇಕು. ಅಂದರೆ ಐನೂರ ನಲವತ್ತು ಪಟ್ಟಿ. ಪಟ್ಟಿ ಕತ್ತರಿಸುವ ಕೆಲಸ ತಮ್ಮನಿಗೆ ಬಿತ್ತು. ಮೊದಲ ಅರ್ಧ ಗಂಟೆಯಲ್ಲಿ ಅವನು ಕತ್ತರಿಸಿದ್ದು ಹನ್ನೆರಡು, ಅದರಲ್ಲಿ ನೆಟ್ಟಗಿದ್ದದ್ದು ಏಳು.

"ಬಸ್ಸು ಹೇಗೋ ಓಡಿಸ್ತೀಯ ನೀನು? ಸ್ಕೇಲ್ ಹಿಡಿದು ಒಂದು ಗೆರೆ ಎಳೆಯೋಕೆ ಬರಲ್ಲ."

"ಬಸ್ಸಿಗೆ ಸ್ಕೇಲ್ ಹಿಡಿಯಲ್ಲಕ್ಕ."

ಎರಡು ಪುಟಕ್ಕೂ ಹಬ್ಬಿದ ಚಿತ್ರಗಳೇ ಅವಳ ತಲೆ ತಿಂದವು. ಎರಡು ಹಾಳೆಗಳ ಪಟ್ಟಿ ಒಂದು ಕೂದಲೆಳೆ ಏರುಪೇರಾದರೂ ಹಡಗಿನ ಕಂಬ ಮುರಿದಂತೆ ಕಾಣುತ್ತಿತ್ತು. ಜೋಡಿಸಬೇಕಾದರೆ ಚಿತ್ರ ನೋಡಬೇಕು. ಚಿತ್ರ ನೋಡಿದರೆ, ಈ ಹುಡುಗಿ ಯಾಕೆ ಒಬ್ಬಳೇ ದೋಣಿಯಲ್ಲಿದ್ದಾಳೆ ಎಂಬ ಪ್ರಶ್ನೆ ಬರುತ್ತದೆ. ಕೇಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದಳು, ನಲವತ್ತನೇ ಹಾಳೆಯ ಹೊತ್ತಿಗೆ ಕೇಳಿಯೇಬಿಟ್ಟಳು.

"ಅವಳು ಅಂಚೆಯವಳು," ಅಂದ ತಮ್ಮ. "ದ್ವೀಪದಿಂದ ದ್ವೀಪಕ್ಕೆ ಕಾಗದ ಹಂಚ್ತಾಳೆ. ಅಪ್ಪನೂ ಅದೇ ಕೆಲಸದಲ್ಲಿದ್ದ. ಒಂದು ದಿನ ಕಾಗದದ ಚೀಲ ಬಿಟ್ಟು ಎಲ್ಲಿಗೋ ಹೊರಟುಹೋದ."

"ಹೇಳದೆ ಕೇಳದೆ?"

"ಹೇಳದೆ ಕೇಳದೆ."

"ಗಂಡಸರ ಹಣೆಬರಹವೇ ಇಷ್ಟು," ಅಂದು ಗೋಂದಕ್ಕ ಮುಂದಿನ ಹಾಳೆ ತೆಗೆದಳು. ಅದನ್ನು ಎಡದಿಂದ ಓದಿದಳು. ಅಜ್ಜಿಯೊಬ್ಬಳು ಮೊದಲು ಉತ್ತರ ಕೊಟ್ಟು ಆಮೇಲೆ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದಳು. "ಇದೇನೋ ಇದು, ಈ ಮುದುಕಿಗೆ ಅರಳುಮರಳೇ?"

"ಬಲಗಡೆಯ ಮೇಲಿನ ಚೌಕದಿಂದ ಶುರುಮಾಡಕ್ಕ. ಆಮೇಲೆ ಅದರ ಎಡಕ್ಕೆ. ಆಮೇಲೆ ಕೆಳಗೆ ಬಲಕ್ಕೆ."

"ಕುತ್ತಿಗೆ ಉಳುಕುತ್ತೆ."

"ಹತ್ತು ಪುಟ ಆಗ್ಲಿ, ಅಭ್ಯಾಸ ಆಗುತ್ತೆ."

ಹತ್ತು ಪುಟಕ್ಕೆ ಆಗಲಿಲ್ಲ. ಮೂವತ್ತಕ್ಕೆ ಆಯಿತು. ಆದದ್ದು ತಿಳಿಯಲೂ ಇಲ್ಲ. ನಾಲ್ಕು ಪುಟದ ಉದ್ದಕ್ಕೂ ಒಂದಕ್ಷರವಿಲ್ಲದ ಜಾಗಕ್ಕೆ ಬಂದು ಅವಳ ಕೈ ನಿಂತಿತು. ಮಂಜು. ಮಂಜಿನಲ್ಲಿ ದೋಣಿ. ಹುಟ್ಟು ಮೇಲೆ. ಹುಟ್ಟು ನೀರಲ್ಲಿ. ಮತ್ತೆ ಮಂಜು. ಕುಂಚದ ತುದಿಯಲ್ಲಿ ಗೋಂದು ಒಣಗಿತು.

"ಅಲ್ಲೇ," ಅಂದ ತಮ್ಮ ಮೆಲ್ಲಗೆ. "ನಾನು ಸಿಕ್ಕಿಬಿದ್ದದ್ದು ಅಲ್ಲೇ."

ಅವನು ಪಟ್ಟಿ ಕತ್ತರಿಸುವುದನ್ನು ನಿಲ್ಲಿಸಿದ್ದ. "ನನಗೆ ಓದೋಕೆ ಆಗ್ತಿರಲಿಲ್ಲ ಅಂತ ನಿನಗೆ ನೆನಪಿದೆಯಲ್ಲ. ಸಾಲು ನೋಡಿದ್ರೆ ಅಕ್ಷರಗಳು ಇರುವೆ ಥರ ಹರಿದಾಡೋವು. ಮೇಷ್ಟ್ರು ಓದಿಸ್ತಾರೆ, ಎಲ್ಲರೂ ಮುಂದೆ ಹೋಗ್ತಾರೆ, ನಾನು ಮೂರನೇ ಪದದಲ್ಲೇ ನಿಂತಿರ್ತಿದ್ದೆ. ಬುಡ್ಡಿ ಒಂದಿನ ಹಿಂದಿನ ಬೆಂಚಲ್ಲಿ ಇದನ್ನ ಕೊಟ್ಟು, ಓದ್ಬೇಡ, ಬರೀ ನೋಡು ಅಂದ. ಇಲ್ಲಿಗೆ ಬಂದೆ. ಒಂದು ಮಾತಿಲ್ಲ, ಆದ್ರೂ ಹುಟ್ಟು ನೀರಿಗೆ ಬೀಳೋ ಸದ್ದು ಕೇಳಿಸ್ತು ಕಣಕ್ಕ. ಪಾಠದ ಪುಸ್ತಕ ನನ್ನನ್ನ ಬಿಟ್ಟು ಓಡ್ತಿತ್ತು. ಇದು ನಾನು ಬರೋವರೆಗೆ ನಿಂತ್ಕೊಂಡಿತ್ತು."

ಅವನ ಮನೆಯ ಕಪಾಟು ತುಂಬ ಈಗ ಇಂಥ ಪುಸ್ತಕಗಳೇ. ಅಷ್ಟನ್ನೂ ಗೋಂದಕ್ಕ ಇಷ್ಟು ವರ್ಷ ಮಕ್ಕಳಾಟಿಕೆ ಎಂದು ತಳ್ಳಿಹಾಕಿದ್ದಳು. ಏನಾದರೂ ಹೇಳಬೇಕು ಅನ್ನಿಸಿತು. ಆದರೆ ಸಿಟ್ಟು ಮುಂದೆ ಬಂತು.

"ಇಂಥದನ್ನ ಕೊಟ್ಟವನಿಗೆ ಸುಳ್ಳು ಹೇಳಿದೆಯಲ್ಲೋ!"

"ಮೊದಲು ಆಸೆ ಅಕ್ಕ. ಆಮೇಲೆ ನಾಚಿಕೆ. ವರ್ಷ ಕಳೆದ ಹಾಗೆ ನಾಚಿಕೇನೇ ದೊಡ್ಡದಾಯ್ತು."

"ಪಟ್ಟಿ ಕತ್ತರಿಸು."

ಶನಿವಾರ ಸಂಜೆ ಐದಕ್ಕೆ ಮೊದಲ ಮೂರು ಸಂಪುಟದ ಪುಸ್ತಕ ಸಿದ್ಧವಾಯಿತು. ಬೆನ್ನು ಬಲಕ್ಕೆ. ಅಪ್ಪ ಮಗಳು ಹಡಗುಕಟ್ಟೆಯ ಮೇಲೆ ಒಬ್ಬರ ಕಡೆ ಒಬ್ಬರು ಓಡಿಬಂದರು. ಕಡಿದುಹೋದ ಅಂಚಿನಿಂದಾಗಿ ನಡುವೆ ಸಮುದ್ರ ಸ್ವಲ್ಪ ಕಿರಿದಾಗಿತ್ತು, ಅಷ್ಟೆ. ಮೂರನೆಯ ಸಂಪುಟದ ಕೊನೆಯ ಪುಟದಲ್ಲಿ ಆ ಅಪ್ಪ, ಮಗಳ ಅಂಚೆಚೀಲದಲ್ಲಿ ಕೈ ಹಾಕಿ ಒಂದು ಕಾಗದವನ್ನು ಕದ್ದು ಜೇಬಿಗಿಟ್ಟುಕೊಂಡ. ಗೋಂದಕ್ಕ ಮೇಜಿಗೆ ಬಡಿದಳು. "ನನಗೆ ಗೊತ್ತಿತ್ತು! ಆ ಮುಖ ನೋಡಿದಾಗಲೇ ಗೊತ್ತಿತ್ತು! ಈ ದಡ್ಡಿ ಅವನನ್ನ ನಂಬಿಬಿಟ್ಟಳಲ್ಲ!"

ಉಳಿದ ಮೂರು ಸಂಪುಟ ಬಿಡಿ ಹಾಳೆಯಾಗಿಯೇ ಇದ್ದವು. ತಮ್ಮ ಮತ್ತೆ ಜೇಬಿನಿಂದ ಫೋನ್ ತೆಗೆದ. "ಅರ್ಧಂಬರ್ಧ ಹೇಗಕ್ಕ ಕೊಡೋದು? ಮುಂದಿನ ಭಾನುವಾರ..."

ಗೋಂದಕ್ಕ ಫೋನ್ ಕಿತ್ತುಕೊಂಡು ಗೋಂದಿನ ಡಬ್ಬದ ಮೇಲೆ ಹಿಡಿದಳು. "ಮುಳುಗಿಸಲಾ?"

ಬಿಡಿ ಹಾಳೆಗಳನ್ನು ಎರಡು ರಟ್ಟಿನ ನಡುವೆ ಇಟ್ಟು ಲಾಡಿ ಕಟ್ಟಿದಳು. ಭಾನುವಾರ ಅವಳೂ ಜೊತೆಗೆ ಹೊರಟಳು. ಒಬ್ಬನನ್ನೇ ಬಿಟ್ಟರೆ ದಾರಿಯಲ್ಲೇ ಮಾಯವಾಗುವ ಪ್ರಾಣಿ.

ಸೋಡಾಬುಡ್ಡಿ ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬನೇ ಇದ್ದ. ತಲೆಗೂದಲು ಹೋಗಿತ್ತು, ಕನ್ನಡಕ ಮಾತ್ರ ತೆಳುವಾಗಿತ್ತು. "ಅಕ್ಕ, ಬನ್ನಿ," ಅಂದ. ಮೂವರೂ ಕೂತರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ತಮ್ಮ ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಎಲ್ಲಿ ಹೋಯಿತೋ, ಕೈಯಲ್ಲಿದ್ದ ಪುಸ್ತಕವನ್ನೂ ಕಟ್ಟನ್ನೂ ಮೇಜಿನ ಮೇಲೆ ತಳ್ಳಿ, "ನೀರಿಗೆ ಬಿದ್ದಿರಲಿಲ್ಲ. ನಾನೇ ಇಟ್ಕೊಂಡಿದ್ದೆ," ಅಂದ.

ಸೋಡಾಬುಡ್ಡಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ತುಂಬ ಹೊತ್ತು ಒರೆಸಿದ.

"ಗೊತ್ತು."

"ಗೊತ್ತಾ?"

"ನಿಜವಾಗ್ಲೂ ಕಳೆದಿದ್ರೆ ನೀನು ಅತ್ತಿರ್ತಿದ್ದೆ. ಅವತ್ತು ನೀನು ಅಳಲಿಲ್ಲ."

ತಮ್ಮ ತಲೆ ತಗ್ಗಿಸಿದ. ಗೋಂದಕ್ಕನಿಗೆ ತಡೆಯಲಾಗಲಿಲ್ಲ. "ಗೊತ್ತಿದ್ದೂ ಯಾಕಪ್ಪ ಕೇಳಲಿಲ್ಲ?"

"ಅವನೇ ಹೇಳ್ಲಿ ಅಂತಿದ್ದೆ ಅಕ್ಕ."

"ಇಪ್ಪತ್ತೆಂಟು ವರ್ಷ?"

"ಈಚೆಗೆ ಅಂಗಡಿ ಮುಂದೆ ಬಸ್ ಓಡಿಸ್ಕೊಂಡು ಹೋಗ್ತಿದ್ದ. ನಾನು ಬಾಗಿಲಲ್ಲೇ ನಿಂತಿರ್ತಿದ್ದೆ. ತಿರುಗಿ ನೋಡ್ತಾನೇನೋ ಅಂತ. ಒಂದು ವಾರ ಆದ್ಮೇಲೆ ಬಸ್ಸಲ್ಲಿ ಬೇರೆಯವನಿದ್ದ." ಅವನ ದನಿ ಗಡುಸಾಯಿತು. "ಪುಸ್ತಕ ಹೋದ್ರೆ ಹೋಗ್ಲಿ. ಕೇಳಿದ್ರೆ ಅವತ್ತೇ ಕೊಟ್ಟುಬಿಡ್ತಿದ್ದೆ. ಕೇಳಲಿಲ್ಲ ಇವನು. ನನ್ನ ಮುಖ ನೋಡಿ ಸೇತುವೆ ಕಥೆ ಹೇಳಿದ."

"ತಪ್ಪಾಯ್ತು ಬುಡ್ಡಿ," ಅಂದ ತಮ್ಮ. ಸೋಡಾಬುಡ್ಡಿ ಎಲ್ಲಿ ನೋಡಬೇಕೆಂದು ತಿಳಿಯದವನಂತೆ ಮೇಜಿನ ಮೇಲಿದ್ದ ಕಟ್ಟನ್ನು ಎಳೆದುಕೊಂಡು ಲಾಡಿಗೆ ಕೈ ಹಾಕಿದ.

"ಅಯ್ಯೋ, ಬಿಚ್ಚಬೇಡಪ್ಪ, ಫ್ಯಾನು..." ಅನ್ನುವಷ್ಟರಲ್ಲಿ ಬಿಚ್ಚಿಯಾಗಿತ್ತು.

ಇನ್ನೂರ ಎಪ್ಪತ್ತು ಹಾಳೆ ಎದ್ದವು. ಕೆಲವು ಕಿಟಕಿಗೆ ಅಂಟಿದವು, ಕೆಲವು ಮಂಚದ ಕೆಳಗೆ ನುಗ್ಗಿದವು, ಒಂದು ತಮ್ಮನ ತಲೆಯ ಮೇಲೆ ಕೂತಿತು. ಸೋಡಾಬುಡ್ಡಿ ಸ್ವಿಚ್ಚಿಗೆ ಓಡಿದ. ಗೋಂದಕ್ಕ ಹಣೆ ಚಚ್ಚಿಕೊಂಡಳು. "ಮುಗೀತು! ಅರ್ಧಕ್ಕರ್ಧ ಹಾಳೇಲಿ ಅಂಚಿನವರೆಗೂ ಚಿತ್ರ, ಪುಟದ ಅಂಕಿಯೇ ಇಲ್ಲ. ಈಗ ಯಾವುದಾದ್ಮೇಲೆ ಯಾವುದು ಅಂತ ಯಾರನ್ನ ಕೇಳ್ಲಿ? ನಿಮ್ಮಿಬ್ಬರ ಮಧ್ಯೆ ಸಿಕ್ಕಿ ನನ್ನ ಮೂರು ವಾರ ಮಣ್ಣುಪಾಲಾಯ್ತಲ್ಲೋ!"

ತಮ್ಮ ಆಗಲೇ ಮೊಣಕಾಲೂರಿ ಆಯುತ್ತಿದ್ದ. ಒಂದು ಹಾಳೆ ಹಿಡಿದು, "ಇದು ನಾಲ್ಕನೇ ಸಂಪುಟ. ದೀಪಸ್ತಂಭದ ಮೆಟ್ಟಿಲು. ಮೊದಲಿಗೇ ಬರುತ್ತೆ," ಅಂದ.

"ಮೊದಲಿಗೆ ಎಲ್ಲಿ ಬರುತ್ತೆ?" ಸೋಡಾಬುಡ್ಡಿ ಕಿಟಕಿಯ ಬಳಿಯಿಂದ ತಿರುಗಿದ. "ಬಿರುಗಾಳಿ ಆದ್ಮೇಲೆ. ಗಾಜು ಒಡೆದಿರೋದು ಕಾಣ್ಸಲ್ವಾ?"

"ಅದು ಒಡೆದದ್ದಲ್ಲ, ಪ್ರತಿಬಿಂಬ."

"ಪ್ರತಿಬಿಂಬವಂತೆ! ಕನ್ನಡಕದಂಗಡಿ ಇಟ್ಟಿರೋನು ನಾನಾ ನೀನಾ? ಇಪ್ಪತ್ತೆಂಟು ವರ್ಷ ಹತ್ರ ಇಟ್ಕೊಂಡು ಇಷ್ಟೇನಾ ನೋಡಿದ್ದು?" ಅವನೂ ನೆಲಕ್ಕೆ ಇಳಿದ. ಹಾಳೆ ಕಿತ್ತುಕೊಂಡು ಬೆಳಕಿಗೆ ಹಿಡಿದ. "ಸರಿ, ಪ್ರತಿಬಿಂಬವೇ. ಇಡು ಮೊದಲಿಗೆ."

ಅರ್ಧ ಗಂಟೆಯಲ್ಲಿ ನೆಲದ ಮೇಲೆ ಆರು ಸಾಲಾಯಿತು. ಬಲದಿಂದ ಎಡಕ್ಕೆ. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ತೆಗೆಯುತ್ತಿದ್ದ, ಬೈಯುತ್ತಿದ್ದ, ಮತ್ತೆ ಅಲ್ಲೇ ಇಡುತ್ತಿದ್ದ. ಸೋಡಾಬುಡ್ಡಿ ಇನ್ನೂ ತಮ್ಮನ ಮುಖ ನೋಡಿ ಮಾತಾಡುತ್ತಿರಲಿಲ್ಲ, ಹಾಳೆ ನೋಡಿಯೇ ಮಾತಾಡುತ್ತಿದ್ದ. ಆದರೆ ಯಾವ ಚೌಕದಲ್ಲಿ ಮೋಡವಿದೆ, ಯಾವ ಪುಟದಲ್ಲಿ ಹುಡುಗಿಯ ಅಂಗಿಯ ಗುಂಡಿ ಕಿತ್ತಿದೆ ಎಂಬುದು ಇಬ್ಬರಿಗೂ ಒಂದೇ ತಲೆಯಲ್ಲಿದ್ದಂತೆ ನೆನಪಿತ್ತು. ಗೋಂದಕ್ಕ ಕುರ್ಚಿಯಲ್ಲಿ ಕೂತು ಅವರು ಕೊಟ್ಟದ್ದನ್ನು ಪೆನ್ಸಿಲಿನಲ್ಲಿ ಅಂಕಿ ಹಾಕಿ ಪೇರಿಸುತ್ತಿದ್ದಳು. ಅಂಕಿ ಹಾಕುತ್ತ ಹಾಕುತ್ತ ಓದುತ್ತಿದ್ದಳು.

"ಬುಡ್ಡಿ, ಇದು ಕಾಗದ ಸುಟ್ಟ ಮೇಲಾ, ಮೊದಲಾ?"

"ಮೇಲೆ ಕಣೋ. ಅಪ್ಪ ಆ ಕಾಗದ ಯಾಕೆ ಕದ್ದ ಅಂತ ಅವಳಿಗೆ ಗೊತ್ತಾಗೋದೇ ಸುಟ್ಟ ಮೇಲೆ. ಅದರಲ್ಲಿದ್ದದ್ದು ಅವಳ..."

"ಬಾಯಿ ಮುಚ್ಚು!" ಗೋಂದಕ್ಕ ಪೆನ್ಸಿಲ್ ಎತ್ತಿ ಗದರಿಸಿದಳು. ಇಬ್ಬರೂ ಬೆಚ್ಚಿ ತಲೆ ಎತ್ತಿದರು. "ನಾನಿನ್ನೂ ನಾಲ್ಕನೇದ್ರಲ್ಲೇ ಇದ್ದೀನಿ. ಮುಂದೇನಾಗುತ್ತೆ ಅಂತ ಒಬ್ಬರಾದ್ರೂ ಉಸಿರೆತ್ತಿದ್ರೆ, ಇಬ್ಬರನ್ನೂ ಸೇರಿಸಿ ಹೊಲಿದು ರಟ್ಟು ಹಾಕಿಬಿಡ್ತೀನಿ."